ಕೀಬೋರ್ಡ್ ಕೇಬಲ್ ತುಂಡಾಗಿದೆಯಾ? ಎಲ್ಲಿ ಅಂತ ಮೊದಲು ಹುಡುಕಿ

ಕೀಬೋರ್ಡ್ ಸತ್ತಿತು ಅಂದ ತಕ್ಷಣ ಹೊಸದು ತರುವವರೇ ಜಾಸ್ತಿ. ತೀರಾ ಅಗ್ಗದ ಕೀಬೋರ್ಡ್ ಆದರೆ ಅದು ತಪ್ಪೂ ಅಲ್ಲ. ಆದರೆ ಕೈಗೆ ಒಗ್ಗಿದ ಕೀಬೋರ್ಡ್ ಇರುತ್ತದಲ್ಲ, ಕಣ್ಣುಮುಚ್ಚಿ ಟೈಪ್ ಮಾಡಿದರೂ ಬೆರಳು ತಪ್ಪದಂಥದ್ದು, ಅದನ್ನು ಬರೀ ಒಂದು ವೈರ್ ಕಡಿದಿದೆ ಅಂತ ಗುಜರಿಗೆ ಹಾಕುವುದು ನನಗಂತೂ ಒಪ್ಪದ ಮಾತು. ಕೇಬಲ್ಲಿನ ಒಳಗೆ ಇರುವುದು ನಾಲ್ಕೇ ನಾಲ್ಕು ಸಣ್ಣ ವೈರ್. ವೋಲ್ಟ್, ಓಮ್ ಅಳೆಯುವ ಒಂದು ಮಲ್ಟಿಮೀಟರ್, ವೈರ್ ಬೆಸೆಯುವ ಒಂದು ಸೋಲ್ಡರಿಂಗ್ ಐರನ್, ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ.

ಮೊದಲೇ ಒಂದು ಮಾತು. ಇಲಿ ಕಡಿದದ್ದು, ಕುರ್ಚಿಯ ಚಕ್ರ ಹತ್ತಿದ್ದು ಬಿಟ್ಟರೆ ಕೇಬಲ್ ನಟ್ಟನಡುವೆ ತುಂಡಾಗುವುದು ಕಡಿಮೆ. ಬಹುಪಾಲು ತುಂಡಾಗುವುದು ಎರಡು ಕಡೆ: ಕೀಬೋರ್ಡಿನಿಂದ ಕೇಬಲ್ ಹೊರಗೆ ಬರುವ ಕುತ್ತಿಗೆಯಲ್ಲಿ, ಇಲ್ಲವೇ ಯುಎಸ್‌ಬಿ ಪ್ಲಗ್ಗಿನ ಬುಡದಲ್ಲಿ. ದಿನಾ ಬಗ್ಗುವುದು ಆ ಎರಡೇ ಜಾಗ. ಹಾಗಾಗಿ ಕತ್ತರಿ ಕೈಗೆ ತೆಗೆದುಕೊಳ್ಳುವ ಮುಂಚೆ ಎಲ್ಲಿ ಕಡಿದಿದೆ ಅಂತ ಗೊತ್ತಾಗಬೇಕು. ಸರಿಯಾಗಿರುವ ಕಡೆ ಕತ್ತರಿಸಿದರೆ ಒಂದು ದೋಷದ ಜೊತೆ ಇನ್ನೊಂದನ್ನು ಸೇರಿಸಿಕೊಂಡ ಹಾಗೆ.

ಕೇಬಲ್ಲೇ ಕೆಟ್ಟಿದೆಯಾ?

ಕೀಬೋರ್ಡನ್ನು ಬೇರೆ ಪೋರ್ಟಿಗೆ ಸಿಕ್ಕಿಸಿ ನೋಡಿ. ಅದೇ ಪೋರ್ಟಿಗೆ ಒಂದು ಮೌಸ್ ಹಾಕಿ ನೋಡಿ. ಬೇರೆ ಕಂಪ್ಯೂಟರ್ ಇಲ್ಲವಾ? ಫೋನಿಗೆ ಯುಎಸ್‌ಬಿ ಸಿಕ್ಕಿಸಲು ಬಳಸುವ ಓಟಿಜಿ ಅಡಾಪ್ಟರ್ ಇದ್ದರೆ ಆಂಡ್ರಾಯ್ಡ್ ಫೋನಿಗೇ ಹಾಕಿ. ಫೋನಿನಲ್ಲಿ ಅಕ್ಷರ ಬಂದರೆ ಕೇಬಲ್ ಚೆನ್ನಾಗಿದೆ, ರೋಗ ಕಂಪ್ಯೂಟರಿನಲ್ಲಿದೆ.

ವಿಂಡೋಸ್‌ನಲ್ಲಿ ಒಂದು ತಮಾಷೆ ಉಂಟು. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಅನ್ನುವ ಸೌಲಭ್ಯ ಎಚ್ಚರವಾಗುತ್ತದೆ. ಪುಸ್ತಕವನ್ನೋ ಮೊಣಕೈಯನ್ನೋ ಕೀಬೋರ್ಡ್ ಮೇಲೆ ಇಟ್ಟಾಗ ಗೊತ್ತಿಲ್ಲದೆ ಹೀಗಾಗುತ್ತದೆ. ಆಮೇಲೆ ಕೀಯನ್ನು ಸುಮ್ನೆ ತಟ್ಟಿದರೆ ಅಕ್ಷರವೇ ಬರುವುದಿಲ್ಲ, ಒತ್ತಿ ಹಿಡಿದರೆ ಮಾತ್ರ ಬರುತ್ತದೆ. ಕೀಬೋರ್ಡ್ ಸತ್ತಿತು ಅಂತಲೇ ಅನ್ನಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ ಮುಗಿಯಿತು.

ಇನ್ನೊಂದು ಗುರುತು ಇನ್ನೂ ಮುಖ್ಯ. ಒಂದೆರಡು ಕೀ ಮಾತ್ರ ಕೆಲಸ ಮಾಡದಿದ್ದರೆ ಅದು ಕೇಬಲ್ಲಿನ ದೋಷ ಅಲ್ಲವೇ ಅಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಎಫ್ ಕೀ ಒಂದು ಕೈಕೊಟ್ಟರೂ ಒತ್ತಕ್ಷರ ಬರುವುದಿಲ್ಲ, ಕೆಲಸವೇ ನಿಂತುಹೋಗುತ್ತದೆ ನಿಜ. ಆದರೂ ಅದು ಒಳಗಿನ ಪ್ಲಾಸ್ಟಿಕ್ ಹಾಳೆಯ ತೊಂದರೆ. ಕೇಬಲ್ಲಿನಲ್ಲಿ ಒಂದೊಂದು ಕೀಗೆ ಒಂದೊಂದು ವೈರ್ ಇರುವುದಿಲ್ಲ. ಎಲ್ಲ ಅಕ್ಷರವೂ ಅದೇ ಎರಡು ವೈರಿನಲ್ಲಿ ಓಡಾಡುತ್ತದೆ. ಹಾಗಾಗಿ ಕೇಬಲ್ ಕೆಟ್ಟರೆ ಎಲ್ಲ ಕೀಗಳೂ ಒಟ್ಟಿಗೆ ಹೋಗುತ್ತವೆ, ಬಂದರೆ ಒಟ್ಟಿಗೆ ಬರುತ್ತವೆ.

ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಡಿಟಿಪಿ ಮಾಡುವ ಹುಡುಗಿ ಒಂದು ಕೀಬೋರ್ಡ್ ತಂದುಕೊಟ್ಟಳು. "ಅಣ್ಣಾ, ವೈರ್ ಹಿಂಗೆ ಎತ್ತಿ ಹಿಡಿದ್ರೆ ಟೈಪ್ ಆಗುತ್ತೆ, ಬಿಟ್ರೆ ಟುಂಯ್ ಅಂತ ಸೌಂಡ್ ಬಂದು ನಿಂತು ಹೋಗುತ್ತೆ" ಅಂದಳು. ಅರ್ಧ ಪರೀಕ್ಷೆಯನ್ನು ಅವಳೇ ಮುಗಿಸಿದ್ದಳು. ಆ ಕೀಬೋರ್ಡನ್ನೇ ಮುಂದೆ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ.

ಯಾವ ವೈರ್ ಕಡಿದರೆ ಏನಾಗುತ್ತದೆ

ಯುಎಸ್‌ಬಿ ಕೇಬಲ್ಲಿನಲ್ಲಿ ಕೆಂಪು 5 ವೋಲ್ಟಿನದ್ದು, ಕಪ್ಪು ಗ್ರೌಂಡ್ (ಕರೆಂಟ್ ವಾಪಸು ಹೋಗುವ ದಾರಿ), ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್. ಮಾಹಿತಿ ಹೋಗುವುದು ಬಿಳಿ ಹಸಿರಿನಲ್ಲಿ. ಇವುಗಳ ಸುತ್ತ ಬೆಳ್ಳಿ ಬಣ್ಣದ ಕಾಗದದಂಥ ಹಾಳೆಯೋ ಜಾಲರಿಯೋ ಒಂದು ಬರಿ ತಂತಿಯೋ ಇರಬಹುದು. ಅದು ಶೀಲ್ಡ್, ಹೊರಗಿನ ವಿದ್ಯುತ್ ಗದ್ದಲ ತಡೆಯುವ ಕವಚ. ಇದು ಪುಸ್ತಕದ ಲೆಕ್ಕ. ಅಗ್ಗದ ಕೇಬಲ್ಲುಗಳಲ್ಲಿ ನೀಲಿ, ಕಿತ್ತಳೆ, ಹಳದಿ ಹೀಗೆ ಬಣ್ಣ ಏನು ಬೇಕಾದರೂ ಇರುತ್ತದೆ. ಅದಕ್ಕೇ ಬಣ್ಣ ನೋಡಿ ಊಹೆ ಮಾಡಿ, ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ.

ಕೆಂಪು ಕಡಿದರೆ ಕೀಬೋರ್ಡಿಗೆ ಜೀವವೇ ಇರುವುದಿಲ್ಲ. ಹಲವು ಕೀಬೋರ್ಡ್‌ಗಳಲ್ಲಿ ಸಿಕ್ಕಿಸಿದ ಕೂಡಲೇ ಮೂಲೆಯ ಮೂರೂ ದೀಪ ಒಮ್ಮೆ ಮಿನುಗುತ್ತವೆ, ಅದೂ ಆಗುವುದಿಲ್ಲ. ಕಪ್ಪು ಕಡಿದರೂ ಹೆಚ್ಚುಕಡಿಮೆ ಇದೇ ಕಥೆ. ಆದರೆ ಕೆಲವು ಸಲ ಶೀಲ್ಡ್ ಮೂಲಕ ಕರೆಂಟ್ ವಾಪಸು ದಾರಿ ಹುಡುಕಿಕೊಂಡು ಅರೆಬರೆ ಕೆಲಸ ಮಾಡಿ ತಲೆ ಕೆಡಿಸುತ್ತದೆ.

ಬಿಳಿ ಮತ್ತು ಹಸಿರಿನ ವ್ಯತ್ಯಾಸ ಸ್ವಾರಸ್ಯದ್ದು. ಸಾಮಾನ್ಯ ಕೀಬೋರ್ಡ್ ಯುಎಸ್‌ಬಿಯ ಲೋ ಸ್ಪೀಡ್ ವರ್ಗಕ್ಕೆ ಸೇರಿದ್ದು, ಸೆಕೆಂಡಿಗೆ 15 ಲಕ್ಷ ಬಿಟ್ ವೇಗ. ಈ ವರ್ಗದ ಸಾಧನ ತನ್ನ ಇರುವನ್ನು ತಿಳಿಸುವುದು ಡಿ ಮೈನಸ್ ಮೂಲಕ. ಒಳಗಿರುವ 1.5 ಕಿಲೋ ಓಮ್‌ನ ರೆಸಿಸ್ಟರ್ ಆ ವೈರನ್ನು ಸುಮಾರು 3.3 ವೋಲ್ಟಿಗೆ ಎತ್ತಿ ಹಿಡಿದಿರುತ್ತದೆ. ಕ್ಲಾಸಿನಲ್ಲಿ ಹುಡುಗರು ಹಾಜರಿ ಕೂಗಿದ ಹಾಗೆ. ಹಾಗಾಗಿ ಬಿಳಿ ಕಡಿದರೆ ಹಾಜರಿಯೇ ಬೀಳುವುದಿಲ್ಲ, ಕಂಪ್ಯೂಟರ್ ತೆಪ್ಪಗೆ ಇರುತ್ತದೆ. ಸದ್ದಿಲ್ಲ, ಸಂದೇಶ ಇಲ್ಲ. ಹಸಿರು ಕಡಿದರೆ ಹಾಜರಿ ಬೀಳುತ್ತದೆ, ಆದರೆ ಮಾತುಕತೆ ಆಗುವುದಿಲ್ಲ. ಆಗ ವಿಂಡೋಸ್ 'ಯುಎಸ್‌ಬಿ ಸಾಧನ ಗುರುತು ಸಿಗಲಿಲ್ಲ' ಎಂಬರ್ಥದ ಸಂದೇಶ ಕೊಡುತ್ತದೆ, ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 ಕಾಣಬಹುದು. ಲಿನಕ್ಸ್‌ನಲ್ಲಿ ಕರ್ನಲ್ ಸಂದೇಶಗಳನ್ನು ತೆರೆದರೆ ಡಿವೈಸ್ ಡಿಸ್ಕ್ರಿಪ್ಟರ್ ಓದಲು ಆಗಲಿಲ್ಲ ಅಂತ ಎರರ್ -71 ಅಥವಾ -110 ಕಾಣುತ್ತದೆ.

ಗೇಮಿಂಗ್ ಕೀಬೋರ್ಡುಗಳಲ್ಲಿ ಹಲವು ಫುಲ್ ಸ್ಪೀಡ್ ವರ್ಗದವು. ಅವುಗಳಲ್ಲಿ ಹಾಜರಿ ಬೀಳುವುದು ಹಸಿರಿನಲ್ಲಿ, ಅಂದರೆ ಲಕ್ಷಣ ತಿರುವುಮುರುವು. ಅವುಗಳಲ್ಲಿ ಬಣ್ಣಬಣ್ಣದ ದೀಪ ಉರಿಯುತ್ತಿದ್ದು ಟೈಪ್ ಆಗದಿದ್ದರೆ ಕೆಂಪು ಕಪ್ಪು ಚೆನ್ನಾಗಿವೆ ಅಂತ ತಿಳಿಯಬಹುದು. ಆದರೆ ನಮ್ ಲಾಕ್ ದೀಪ ಉರಿಯುತ್ತಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅನ್ನಬೇಡಿ. ಆ ದೀಪವನ್ನು ಹಚ್ಚುವುದು ಆರಿಸುವುದು ಕಂಪ್ಯೂಟರ್.

ದುಂಡನೆಯ, ಆರು ಪಿನ್ನಿನ ಹಳೇ ಪಿಎಸ್/2 ಕೀಬೋರ್ಡ್ ಇದ್ದರೆ ಅದರಲ್ಲೂ ಬಳಕೆಯಾಗುವುದು ನಾಲ್ಕೇ ವೈರ್: 5 ವೋಲ್ಟ್, ಗ್ರೌಂಡ್, ಡೇಟಾ, ಕ್ಲಾಕ್. ರಿಪೇರಿ ವಿಧಾನ ಒಂದೇ. ಅದನ್ನು ಮಾತ್ರ ಕಂಪ್ಯೂಟರ್ ಆನ್ ಇರುವಾಗ ಎಳೆದು ಸಿಕ್ಕಿಸಿ ಮಾಡಬಾರದು.

ಬಗ್ಗಿಸಿ ನೋಡುವುದು

ಖಾಲಿ ನೋಟ್‌ಪ್ಯಾಡ್ ತೆರೆದುಕೊಳ್ಳಿ. ಒಂದು ಕೀ ಮೇಲೆ ಭಾರ ಇಟ್ಟು ಅಕ್ಷರ ಸಾಲಾಗಿ ಬರುತ್ತಿರಲಿ. ಈಗ ಪ್ಲಗ್ಗಿನ ಬುಡದಿಂದ ಶುರುಮಾಡಿ, ಎರಡು ಬೆರಳಲ್ಲಿ ಒಂದೊಂದು ಇಂಚು ಹಿಡಿದು ಮೆಲ್ಲಗೆ ಬಗ್ಗಿಸುತ್ತಾ ಕೀಬೋರ್ಡಿನ ತನಕ ಬನ್ನಿ. ಒಂದೇ ಸಲ ಪೂರ್ತಿ ಕೇಬಲ್ ಅಲ್ಲಾಡಿಸಿದರೆ ಏನೂ ತಿಳಿಯುವುದಿಲ್ಲ. ಎಲ್ಲಿ ಬಗ್ಗಿಸಿದಾಗ ಅಕ್ಷರ ನಿಲ್ಲುತ್ತದೋ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕಿ. ಪೂರ್ತಿ ಸತ್ತಿರುವ ಕೀಬೋರ್ಡಿನಲ್ಲೂ ಇದನ್ನು ಮಾಡಿ. ಒಂದು ಕಡೆ ಒತ್ತಿದಾಗ ಟುಂಯ್ ಅಂತ ಕಂಪ್ಯೂಟರ್ ಸದ್ದು ಮಾಡಿದರೆ ಜಾಗ ಸಿಕ್ಕಿತು.

ಜೆರಾಕ್ಸ್ ಅಂಗಡಿಯ ಕೀಬೋರ್ಡಿನಲ್ಲಿ ಪ್ಲಗ್ಗಿನ ಕಡೆ ಏನೂ ಆಗಲಿಲ್ಲ. ಕೀಬೋರ್ಡಿನ ಕುತ್ತಿಗೆಗೆ ಬಂದಾಗ, ರಬ್ಬರಿನ ಬುಷ್‌ನಿಂದ ಒಂದು ಬೆರಳಿನಷ್ಟು ಹೊರಗೆ, ಅಕ್ಷರ ನಿಂತಿತು.

ಬಿಚ್ಚುವುದು

ಕಂಪ್ಯೂಟರಿನಿಂದ ಕಳಚಿ, ಮೃದುವಾದ ಬಟ್ಟೆಯ ಮೇಲೆ ಕೀಬೋರ್ಡನ್ನು ಬೋರಲು ಹಾಕಿ. ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೂ ಬಿಟ್ಟುಕೊಳ್ಳದಿದ್ದರೆ ಬಲ ಹಾಕಬೇಡಿ. ಒಂದೋ ಎರಡೋ ಸ್ಕ್ರೂ ಹಿಂದಿನ ಲೇಬಲ್ಲಿನ ಕೆಳಗೋ ರಬ್ಬರ್ ಕಾಲಿನ ಕೆಳಗೋ ಅಡಗಿರುತ್ತದೆ. ಲೇಬಲ್ ಮೇಲೆ ಬೆರಳಾಡಿಸಿದರೆ ತಗ್ಗು ತಿಳಿಯುತ್ತದೆ. ಆಮೇಲೆ ಅಂಚಿನ ಪ್ಲಾಸ್ಟಿಕ್ ಕೊಕ್ಕೆಗಳು. ಹಳೆಯ ಸಿಮ್ ಕಾರ್ಡಿನ ಚೌಕಟ್ಟೋ ಎಟಿಎಂ ಕಾರ್ಡೋ ತೂರಿಸಿ ಒಂದೊಂದಾಗಿ ಬಿಡಿಸಿ. ಚಾಕು ಹಾಕಿದರೆ ಅಂಚೆಲ್ಲ ಕಚ್ಚು ಬೀಳುತ್ತದೆ. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಗೋಜಿಗೇ ಹೋಗಬೇಡಿ.

ಹಿಂಬದಿ ಎತ್ತಿದಾಗ ಮೂರು ಪದರದ ಪಾರದರ್ಶಕ ಹಾಳೆ, ಅದರ ಕೆಳಗೆ ರಬ್ಬರಿನ ಗುಬ್ಬಿಗಳು ಕಾಣುತ್ತವೆ. ಕೆಲವದರಲ್ಲಿ ಗುಬ್ಬಿಗಳು ಬಿಡಿಬಿಡಿಯಾಗಿರುತ್ತವೆ. ಅಲ್ಲಾಡಿಸಿದರೆ ಚೆಲ್ಲಾಪಿಲ್ಲಿ, ಆಮೇಲೆ ಸಂಜೆಯೆಲ್ಲ ಆರಿಸುವುದೇ ಕೆಲಸ. ಹಾಳೆಯನ್ನು ಎತ್ತುವ ಅಗತ್ಯ ನಮಗಿಲ್ಲ. ನಮಗೆ ಬೇಕಾದದ್ದು ಮೂಲೆಯಲ್ಲಿರುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಮತ್ತು ಅದಕ್ಕೆ ಕೇಬಲ್ ಸಿಕ್ಕಿಸಿರುವ ಬಿಳಿ ಕನೆಕ್ಟರ್. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಯಾವ ಬಣ್ಣ ಎಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ.

ಮೀಟರ್ ಏನು ಹೇಳುತ್ತದೆ

ಕನೆಕ್ಟರನ್ನು ಬೋರ್ಡಿನಿಂದ ಎಳೆದು ತೆಗೆಯಿರಿ. ವೈರ್ ಹಿಡಿದು ಎಳೆಯಬಾರದು, ಬಿಳಿ ಪ್ಲಾಸ್ಟಿಕ್ಕನ್ನೇ ಹಿಡಿಯಿರಿ. ಮೀಟರನ್ನು ಬಜರ್ ಇರುವ ಕಂಟಿನ್ಯುಯಿಟಿಗೆ, ಅಂದರೆ ವೈರ್ ಕಡಿಯದೆ ಇದೆಯಾ ಅಂತ ನೋಡುವ ಸ್ಥಾನಕ್ಕೆ, ತಿರುಗಿಸಿ. ಬಜರ್ ಇಲ್ಲದಿದ್ದರೆ 200 ಓಮ್ ಸಾಕು.

ಯುಎಸ್‌ಬಿ ಪ್ಲಗ್ಗಿನ ಒಳಗೆ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳಿವೆ. ಹತ್ತಿರದಿಂದ ನೋಡಿದರೆ ಎರಡೂ ತುದಿಯವು ಸ್ವಲ್ಪ ಉದ್ದ, ನಡುವಿನ ಎರಡು ಗಿಡ್ಡ. ಸಿಕ್ಕಿಸುವಾಗ ಮೊದಲು ಕರೆಂಟ್, ಆಮೇಲೆ ಮಾಹಿತಿ ತಾಗಲಿ ಅಂತ ಹೀಗೆ ಮಾಡಿದ್ದಾರೆ. ಕ್ರಮ ಹೀಗೆ: 5 ವೋಲ್ಟ್, ಡಿ ಮೈನಸ್, ಡಿ ಪ್ಲಸ್, ಗ್ರೌಂಡ್. ಯಾವ ತುದಿ ಮೊದಲನೆಯದು ಅಂತ ಗೊಂದಲ ಆಗುತ್ತದೆ, ಅಲ್ವಾ? ಪ್ಲಗ್ಗಿನ ಬಾಯಿ ನಿಮ್ಮ ಕಡೆಗಿರಲಿ, ಪಟ್ಟಿ ಅಂಟಿರುವ ಪ್ಲಾಸ್ಟಿಕ್ ಕೆಳಗಿರಲಿ, ಪಟ್ಟಿಗಳು ಮೇಲ್ಮುಖವಾಗಿರಲಿ. ಆಗ ಬಲ ತುದಿಯದ್ದು 5 ವೋಲ್ಟ್, ಎಡ ತುದಿಯದ್ದು ಗ್ರೌಂಡ್.

ಮೀಟರಿನ ಕಡ್ಡಿ ದಪ್ಪವಾಗಿದ್ದು ಕನೆಕ್ಟರಿನ ತೂತಿಗೆ ಹೋಗದಿದ್ದರೆ ಒಂದು ಗುಂಡುಪಿನ್ನನ್ನು ಜೊತೆಗೆ ಹಿಡಿದುಕೊಳ್ಳಿ. ಒಂದು ಕಡ್ಡಿ ಪ್ಲಗ್ಗಿನ ಪಟ್ಟಿಗೆ, ಇನ್ನೊಂದು ಕನೆಕ್ಟರಿಗೆ. ಕೀಂ ಅಂದರೆ ವೈರ್ ಇದೆ. ಆದರೆ ಅಷ್ಟಕ್ಕೇ ಬಿಡಬೇಡಿ, ಕೀಂ ಅನ್ನುತ್ತಿರುವಾಗಲೇ ಗುರುತು ಹಾಕಿದ ಜಾಗವನ್ನು ಬಗ್ಗಿಸಿ. ಈ ಕೀಬೋರ್ಡಿನಲ್ಲಿ ಕೆಂಪು, ಕಪ್ಪು, ಹಸಿರು ಮೂರೂ ಎಷ್ಟು ಬಗ್ಗಿಸಿದರೂ ಸದ್ದು ನಿಲ್ಲಿಸಲಿಲ್ಲ. ಬಿಳಿಯದ್ದು ನೆಟ್ಟಗಿದ್ದಾಗ ಕೀಂ, ಬಗ್ಗಿಸಿದರೆ ಮೌನ. ಕಂಪ್ಯೂಟರ್ ಯಾವ ಸಂದೇಶವನ್ನೂ ಕೊಡದೆ ಸುಮ್ಮನಾಗುತ್ತಿದ್ದುದಕ್ಕೂ ಇದಕ್ಕೂ ತಾಳೆಯಾಯಿತು.

ನಾಲ್ಕೂ ವೈರ್ ಸರಿಯಾಗಿದ್ದರೆ? ಕನೆಕ್ಟರನ್ನು ಮತ್ತೆ ಬೋರ್ಡಿಗೆ ಹಾಕಿ, ಕಂಪ್ಯೂಟರಿಗೆ ಸಿಕ್ಕಿಸಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬೋರ್ಡಿನ ಮೇಲೆ ಅಳೆಯಿರಿ. ಕೆಂಪು ಕಪ್ಪಿನ ನಡುವೆ 5 ವೋಲ್ಟಿನ ಆಸುಪಾಸು ಬರಬೇಕು. ಬಿಳಿ ಕಪ್ಪಿನ ನಡುವೆ 3 ವೋಲ್ಟಿಗಿಂತ ತುಸು ಮೇಲೆ, ಹಸಿರು ಕಪ್ಪಿನ ನಡುವೆ ಹತ್ತಿರಹತ್ತಿರ ಸೊನ್ನೆ. ಫುಲ್ ಸ್ಪೀಡ್ ಕೀಬೋರ್ಡಿನಲ್ಲಿ ಬಿಳಿ ಹಸಿರು ಅದಲುಬದಲು. 5 ವೋಲ್ಟ್ ಬಂದೂ ಎರಡೂ ಮಾಹಿತಿ ವೈರುಗಳಲ್ಲಿ ಸೊನ್ನೆಯೇ ಇದ್ದರೆ ಚಿಪ್ ಹೋಗಿದೆ ಅನ್ನುವ ಅನುಮಾನ ಗಟ್ಟಿ. ಆಗ ಕೇಬಲ್ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ.

ಕತ್ತರಿಸಿ ಕೂಡಿಸುವುದು

ಕುತ್ತಿಗೆಯಲ್ಲಿ ಕಡಿದಿದ್ದರೆ ನನ್ನ ಪದ್ಧತಿ ಒಂದೇ: ಜಾಯಿಂಟ್ ಕೀಬೋರ್ಡಿನ ಹೊಟ್ಟೆಯೊಳಗೇ ಇರಬೇಕು. ಹೊರಗೆ ಜಾಯಿಂಟ್ ಹಾಕಿ ಟೇಪ್ ಸುತ್ತಿದರೆ ನೋಡಲೂ ಚೆನ್ನಾಗಿರುವುದಿಲ್ಲ, ಎಳೆತವೂ ಅದರ ಮೇಲೇ ಬೀಳುತ್ತದೆ. ಗುರುತಿನಿಂದ ಎರಡು ಇಂಚು ಆಚೆ, ಅಂದರೆ ಪ್ಲಗ್ಗಿನ ಕಡೆಗೆ, ಕೇಬಲ್ ಕತ್ತರಿಸಿ. ಕನೆಕ್ಟರಿನ ಕಡೆ ಒಳಗಿನ ವೈರುಗಳನ್ನು ಸಾಧ್ಯವಾದಷ್ಟು ಉದ್ದ ಉಳಿಸಿಕೊಂಡು ಅಲ್ಲೂ ಕತ್ತರಿಸಿ. ಕೆಟ್ಟ ತುಂಡು ಹೋಯಿತು. ಕೇಬಲ್ ಸ್ವಲ್ಪ ಗಿಡ್ಡವಾಗುತ್ತದೆ, ಅಷ್ಟೆ.

ಆ ಕೆಟ್ಟ ತುಂಡನ್ನು ಎಸೆಯುವ ಮುಂಚೆ ಒಮ್ಮೆ ಸೀಳಿ ನೋಡಿ. ನಾನು ಕಪ್ಪು ಹೊದಿಕೆಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಗೀರಿ ತೆಗೆದಾಗ ಬಿಳಿ ವೈರ್ ಹೊರಗಿನಿಂದ ಪೂರ್ತಿ ಚೆನ್ನಾಗಿಯೇ ಕಾಣುತ್ತಿತ್ತು. ಎರಡೂ ಕಡೆ ಹಿಡಿದು ಮೆಲ್ಲಗೆ ಜಗ್ಗಿದೆ. ಉಳಿದ ಮೂರು ಜಗ್ಗಲಿಲ್ಲ, ಬಿಳಿಯದ್ದು ಮಾತ್ರ ಒಂದು ಕಡೆ ಎಳೆದುಕೊಂಡು ಸಣ್ಣಗಾಯಿತು. ಒಳಗೆ ತಾಮ್ರ ಇಲ್ಲದ ಕಡೆ ಬರೀ ಪ್ಲಾಸ್ಟಿಕ್ ಉಳಿದಿರುತ್ತದೆ, ಅದು ಹಿಗ್ಗುತ್ತದೆ. ಮೀಟರ್ ಇಲ್ಲದವರಿಗೂ ಒದಗುವ ಪರೀಕ್ಷೆ ಇದು. ಜೋರಾಗಿ ಎಳೆದರೆ ಮಾತ್ರ ಒಳ್ಳೆಯ ವೈರೂ ಕಿತ್ತುಬರುತ್ತದೆ.

ಹೊರ ಹೊದಿಕೆಯನ್ನು ಒಂದು ಇಂಚು ತೆಗೆಯಿರಿ. ಬ್ಲೇಡನ್ನು ಒತ್ತಬೇಡಿ. ಸುತ್ತಲೂ ಬರೀ ಗೀರು ಹಾಕಿ, ಕೇಬಲ್ ಬಗ್ಗಿಸಿದರೆ ಗೀರು ತಾನಾಗಿ ಬಾಯಿಬಿಡುತ್ತದೆ. ಒಳಗಿನ ವೈರಿನ ತುದಿಯನ್ನು ಕಾಲು ಇಂಚು ಬಿಡಿಸಿ. ತಾಮ್ರದ ಎಳೆ ಕೂದಲಿನಷ್ಟು ಸಣ್ಣ, ಹಲ್ಲಿನಲ್ಲಿ ಕಚ್ಚಿ ಎಳೆದರೆ ಅರ್ಧ ಎಳೆ ಅಲ್ಲೇ ಹೋಗುತ್ತದೆ. ಕೆಲವು ಕೇಬಲ್ಲುಗಳಲ್ಲಿ ಬಲಕ್ಕೆ ಅಂತ ನೈಲಾನ್ ದಾರವೂ ಸೇರಿಸಿರುತ್ತಾರೆ. ಅದನ್ನು ಬೇರೆ ಮಾಡಿ ಕತ್ತರಿಸಿ ಬಿಡಿ, ಇಲ್ಲದಿದ್ದರೆ ಸೋಲ್ಡರ್ ಹಿಡಿಯುವುದಿಲ್ಲ.

ಹೀಟ್ ಶ್ರಿಂಕ್ ಸ್ಲೀವನ್ನು (ಬಿಸಿ ತಾಗಿದರೆ ಕುಗ್ಗಿ ಜಾಯಿಂಟನ್ನು ಬಿಗಿಯಾಗಿ ಮುಚ್ಚುವ ಕೊಳವೆ) ಬೆಸೆಯುವ ಮುಂಚೆಯೇ ಪ್ರತಿ ವೈರಿಗೆ ತೂರಿಸಿಡಿ. ಬೆಸೆದಾದ ಮೇಲೆ ತೂರಿಸಲು ದಾರಿ ಇರುವುದಿಲ್ಲ. ಕೇಬಲ್ಲನ್ನು ಕೀಬೋರ್ಡಿನ ಬಾಯಿಯಿಂದ ಒಳಗೆ ತಂದುಕೊಂಡು ಆಮೇಲೆ ಬೆಸೆಯಿರಿ. ಹೊರಗೆ ಬೆಸೆದುಕೊಂಡರೆ ಗಂಟು ಆ ಸಂದಿನಲ್ಲಿ ತೂರುವುದಿಲ್ಲ.

25 ವ್ಯಾಟಿನ ಐರನ್ ಧಾರಾಳ ಸಾಕು. ಎರಡೂ ತುದಿಗೆ ಸೋಲ್ಡರ್ ಚೆನ್ನಾಗಿ ಹಿಡಿಯಲೆಂದು ಚೂರು ಫ್ಲಕ್ಸ್ ಸವರಿ, ಬೇರೆಬೇರೆಯಾಗಿ ಸೋಲ್ಡರ್ ಮೆತ್ತಿ, ಆಮೇಲೆ ಪಕ್ಕಪಕ್ಕ ಇಟ್ಟು ಐರನ್ ಒಮ್ಮೆ ತಾಗಿಸಿದರೆ ಎರಡೂ ಕರಗಿ ಒಂದಾಗುತ್ತವೆ. ಒಂದೆರಡು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ವೈರಿನ ಪ್ಲಾಸ್ಟಿಕ್ ಹಿಂದಕ್ಕೆ ಸುಟ್ಟುಕೊಂಡು ಹೋಗುತ್ತದೆ. ನಾಲ್ಕೂ ಜಾಯಿಂಟ್ ಒಂದೇ ಸಾಲಿಗೆ ಬಾರದಂತೆ ವೈರುಗಳನ್ನು ಬೇರೆಬೇರೆ ಉದ್ದಕ್ಕೆ ಕತ್ತರಿಸಿಕೊಳ್ಳಿ. ಸ್ಲೀವ್ ಸರಿದರೂ ಒಂದಕ್ಕೊಂದು ತಾಗುವುದಿಲ್ಲ. ಕಿಟಕಿ ತೆರೆದಿರಲಿ, ಹೊಗೆ ಮೂಗಿಗೆ ಬೇಡ. ಸಾಮಾನ್ಯ ಸೋಲ್ಡರಿನಲ್ಲಿ ಸೀಸ ಇರುತ್ತದೆ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಐರನ್ ಇಲ್ಲದವರು ಎಳೆಗಳನ್ನು ಬಿಗಿಯಾಗಿ ಹೆಣೆದು ಒಂದೊಂದಕ್ಕೂ ಇನ್ಸುಲೇಷನ್ ಟೇಪ್ ಸುತ್ತಿ ಕೆಲಸ ನಡೆಸಬಹುದು. ಇಷ್ಟು ನಿಧಾನದ ಯುಎಸ್‌ಬಿಗೆ ಅಂಥ ಜಾಯಿಂಟೂ ನಡೆಯುತ್ತದೆ. ಆದರೆ ಅದು ತಾತ್ಕಾಲಿಕ. ತಾಮ್ರ ಕಪ್ಪಾಗುತ್ತಾ ಬಂದ ಹಾಗೆ ಹಳೇ ಕಾಟ ಮತ್ತೆ ಶುರು. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ.

ಶೀಲ್ಡಿನ ಬರಿ ತಂತಿ ಮೊದಲು ಎಲ್ಲಿಗೆ ಸೇರಿತ್ತೋ ಅಲ್ಲಿಗೇ ಸೇರಿಸಿ. ಎಲ್ಲಿಗೂ ಸೇರಿರದಿದ್ದರೆ ಗಿಡ್ಡಕ್ಕೆ ಕತ್ತರಿಸಿ ಟೇಪ್ ಸುತ್ತಿ. ಅದು ಕೆಂಪಿಗೆ ತಾಗಬಾರದು.

ಇನ್ನು ಎಳೆತ. ಕೇಬಲ್ ಒಳಗೆ ಬಂದ ಕೂಡಲೇ ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿಯಿರಿ. ಹೊರಗಿನಿಂದ ಯಾರಾದರೂ ಜಗ್ಗಿದರೆ ಟೈ ಚೌಕಟ್ಟಿಗೆ ಸಿಕ್ಕಿ ನಿಲ್ಲಬೇಕು, ಜಾಯಿಂಟಿಗೆ ಏನೂ ತಿಳಿಯಬಾರದು. ಒಳಗೆ ವೈರನ್ನು ಹಾವಿನಂತೆ ಓಡಿಸಲು ಗೂಟಗಳಿದ್ದರೆ ಅವುಗಳ ಸುತ್ತಲೇ ಓಡಿಸಿ. ರಿಪೇರಿ ಮಾಡಿದ ಕೀಬೋರ್ಡ್ ಬೇಗ ವಾಪಸು ಬಂತು ಅಂದರೆ ಬಹಳ ಸಲ ಕಾರಣ ಸೋಲ್ಡರ್ ಅಲ್ಲ, ಈ ಟೈ ಇಲ್ಲದಿರುವುದು.

ಪ್ಲಗ್ಗಿನ ಬುಡದಲ್ಲಿ ಕಡಿದಿದ್ದರೆ

ಅಚ್ಚುಹಾಕಿದ ಪ್ಲಗ್ಗನ್ನು ಒಡೆದು ಸರಿಮಾಡುವುದು ನನಗೆ ಇಷ್ಟವಿಲ್ಲ. ಬೆಸೆದು ಹಾಕುವ ಬಿಡಿ ಪ್ಲಗ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಬೇರೆ ಊರುಗಳ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕಿಂತ ಸುಲಭದ ದಾರಿ ಮನೆಯಲ್ಲೇ ಬಿದ್ದಿರುವ ಕೆಟ್ಟ ಮೌಸ್. ಅದರ ಕೇಬಲ್ಲಿನಲ್ಲೂ ಇದೇ ನಾಲ್ಕು ವೈರ್, ಪ್ಲಗ್ ಸಮೇತ. ಪೂರ್ತಿ ಕೇಬಲ್ಲನ್ನೇ ಬದಲಾಯಿಸಿ ಕೀಬೋರ್ಡಿನ ಒಳಗೆ ಬೆಸೆಯಿರಿ.

ಇಲ್ಲೊಂದು ಅಪಾಯ ಇದೆ. ಮೌಸಿನ ಬಿಳಿ ಕನೆಕ್ಟರ್ ಕೆಲವೊಮ್ಮೆ ಕೀಬೋರ್ಡಿನ ಬೋರ್ಡಿಗೆ ಚೆನ್ನಾಗಿ ಕೂತುಬಿಡುತ್ತದೆ. ಕೂತಿತು ಅಂತ ಕರೆಂಟ್ ಕೊಡಬೇಡಿ. ಪಿನ್ನುಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್, ಗ್ರೌಂಡ್ ತಿರುಗುಮುರುಗಾದರೆ ಚಿಪ್ ಸುಟ್ಟು ಹೋಗಬಹುದು. ಪ್ಲಗ್ಗಿನ ಪಟ್ಟಿಯಿಂದ ಒಂದೊಂದು ವೈರನ್ನೂ ಮೀಟರಿನಲ್ಲಿ ಗುರುತಿಸಿ, ಬೋರ್ಡಿನ ಮೇಲೆ ಬರೆದಿರುವ ಗುರುತಿಗೆ ಹೊಂದಿಸಿ.

ಇಲಿ ನಡುವೆ ಕಡಿದಿದ್ದರೆ ಜಾಯಿಂಟ್ ನಡುವೆಯೇ ಹಾಕದೆ ಗತಿಯಿಲ್ಲ. ಆಗ ನಾಲ್ಕು ಸಣ್ಣ ಸ್ಲೀವಿನ ಮೇಲೆ ಒಂದು ದಪ್ಪ ಸ್ಲೀವ್ ಹಾಕಿ. ಹಲ್ಲಿನ ಗುರುತು ಇನ್ನೂ ನಾಲ್ಕು ಕಡೆ ಇದ್ದರೆ ಮೌಸಿನ ಕೇಬಲ್ಲೇ ಮೇಲು.

ಸಿಕ್ಕಿಸುವ ಮುಂಚೆ, ಸಿಕ್ಕಿಸಿದ ಮೇಲೆ

ಕನೆಕ್ಟರ್ ಬೋರ್ಡಿಗೆ ಹಾಕುವ ಮೊದಲು ಪ್ಲಗ್ಗಿನ ಎರಡು ತುದಿ ಪಟ್ಟಿಗಳಿಗೆ ಮೀಟರ್ ಹಿಡಿಯಿರಿ. ಕೀಂ ಅನ್ನಲೇಬಾರದು. ಕೀಂ ಅಂದರೆ ಕೆಂಪು ಕಪ್ಪು ಎಲ್ಲೋ ತಾಗಿವೆ. ಹಾಗೇ ಅಕ್ಕಪಕ್ಕದ ಪಟ್ಟಿಗಳನ್ನೂ ನೋಡಿ. ಮೊದಲ ಪರೀಕ್ಷೆಯನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಮಾಡುವ ಆತುರ ಬೇಡ, ಹಳೇ ಡೆಸ್ಕ್‌ಟಾಪ್ ಇದ್ದರೆ ಅದೇ ವಾಸಿ. ವಿಂಡೋಸ್ 'ಪೋರ್ಟಿನಲ್ಲಿ ಪವರ್ ಸರ್ಜ್' ಅಂತ ಎಚ್ಚರಿಸಿದರೆ ತಕ್ಷಣ ಕಿತ್ತು ಮತ್ತೆ ನೋಡಿ.

ಗುರುತು ಸಿಗಲಿಲ್ಲ ಅಂತ ಸಂದೇಶ ಬಂದರೆ ಬಿಳಿ ಹಸಿರು ಅದಲುಬದಲಾಗಿವೆ ಅನ್ನುವುದು ಮೊದಲ ಅನುಮಾನ. ಅದರಿಂದ ಏನೂ ಸುಡುವುದಿಲ್ಲ, ಬದಲಿಸಿ ಬೆಸೆದರೆ ಆಯಿತು.

ಕೀಬೋರ್ಡ್ ಎದ್ದಿತು, ಆದರೆ ಒಂದು ಸಾಲಿನ ಕೀಗಳು, ಇಲ್ಲವೇ ಮೊದಲು ಚೆನ್ನಾಗಿದ್ದ ಏಳೆಂಟು ಕೀಗಳು ಬರುತ್ತಿಲ್ಲ. ಇದು ಬಿಚ್ಚಿ ಕೂಡಿಸಿದ ಮೇಲೆ ತುಂಬಾ ಕಾಣುವ ದೂರು, ಕೇಬಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. ಪಾರದರ್ಶಕ ಹಾಳೆಯ ಬಾಲದಲ್ಲಿ ಕಪ್ಪು ಗೆರೆಗಳಿರುತ್ತವೆ. ಬೋರ್ಡನ್ನು ಆ ಗೆರೆಗಳ ಮೇಲೆ ಒತ್ತಿ ಹಿಡಿಯಲು ಎರಡೋ ಮೂರೋ ಸ್ಕ್ರೂ ಇರುತ್ತವೆ. ಬೆಸೆಯುವಾಗ ಬೋರ್ಡ್ ಸ್ವಲ್ಪ ಎದ್ದರೂ ಕೆಲವು ಗೆರೆ ತಾಗುವುದಿಲ್ಲ. ಸ್ಕ್ರೂ ಸಡಿಲಿಸಿ, ಗೆರೆಗಳನ್ನು ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಬೋರ್ಡನ್ನು ನೇರವಾಗಿ ಕೂರಿಸಿ ಎಲ್ಲ ಸ್ಕ್ರೂಗಳನ್ನೂ ಸಮನಾಗಿ ಬಿಗಿಯಿರಿ. ಉಜ್ಜಬೇಡಿ, ಆ ಕಪ್ಪು ಬಳಿದದ್ದು, ಎದ್ದುಬಂದರೆ ಮತ್ತೆ ಹಾಕಲಾಗುವುದಿಲ್ಲ.

ಕೊನೆಗೆ ಈ ಪಾಡೆಲ್ಲ ಬೇಡದ ಎರಡು ಬಗೆ. ಕೇಬಲ್ ಕಳಚಿ ತೆಗೆಯಬಹುದಾದ ಕೀಬೋರ್ಡ್ ಆದರೆ ಬೇರೆ ಕೇಬಲ್ ಹಾಕಿ ನೋಡಿ. ಆದರೆ ಬರೀ ಚಾರ್ಜಿಂಗಿಗೆ ಮಾಡಿದ ಕೇಬಲ್ಲಿನಲ್ಲಿ ಮಾಹಿತಿಯ ವೈರುಗಳೇ ಇರುವುದಿಲ್ಲ, ದೀಪ ಉರಿದು ಟೈಪ್ ಆಗದಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಇನ್ನು ಲ್ಯಾಪ್‌ಟಾಪಿನ ಕೀಬೋರ್ಡಿಗಿರುವುದು ಚಪ್ಪಟೆ ಪಟ್ಟಿಯಂಥ ಕೇಬಲ್. ಅದು ಲಾಕಿನಿಂದ ಜಾರಿದ್ದರೆ ಲಾಕ್ ಎತ್ತಿ ನೇರವಾಗಿ ಕೂರಿಸಿ ಮುಚ್ಚಬಹುದು. ಹರಿದಿದ್ದರೆ ಐರನ್ ತಾಗಿಸಬೇಡಿ, ಕರಗಿಹೋಗುತ್ತದೆ. ಕೀಬೋರ್ಡನ್ನೇ ಬದಲಾಯಿಸಿ.